ಲಾನ್ಸಿಯಾದೊಳಗಿನ ಬಾಳೆಹಣ್ಣಿನ ವಾಸನೆ

ಲಾನ್ಸಿಯಾ ಕಾರಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿದವಳು ಹಾಗೇ ನಿಂತುಬಿಟ್ಟೆ. ಬಾಳೆಹಣ್ಣಿನ ವಾಸನೆ. ಎಲ್ಲೋ ಒಂದು ಸಿಪ್ಪೆ ಬಿದ್ದಿರುವಂಥದ್ದಲ್ಲ, ಗೊನೆಗೊನೆಯೇ ಕಳಿತು ಕೂತಂತೆ ಘಮ್ಮೆನ್ನುತ್ತಿತ್ತು.

ಸೀಟಿನ ಕೆಳಗೆ ಕೈ ಹಾಕಿದೆ. ಡಿಕ್ಕಿ ತೆಗೆದೆ. ಕಾಲ್ಹಾಸು ಎತ್ತಿ ನೋಡಿದೆ. ಸಿಪ್ಪೆಯೂ ಇಲ್ಲ, ನಾರೂ ಇಲ್ಲ. ಡ್ರೈವರ್ ಸೀಟು ಮಾತ್ರ ಮುಂದಕ್ಕೆ, ಇನ್ನು ಸರಿಯಲಾರದಷ್ಟು ಮುಂದಕ್ಕೆ ಬಂದಿತ್ತು. ನನ್ನ ಮೊಳಕಾಲು ಸ್ಟೇರಿಂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು.

ಮಂಗಳವಾರ ನಂದೂರಿನ ಈ ಶೆಡ್ಡಿನಿಂದ ಮಾಯವಾದ ಗಾಡಿ ಗುರುವಾರ ಬೆಳಗ್ಗೆ ಯಾರೂ ಕೇಳದೆ ತಾನೇ ಬಂದು ನಿಂತಿತ್ತು. ಗಾಡಿಯ ಮನೆಯವರ ಮಗ ಅತುಲ ಹೇಳಿದ್ದು ಹಾಗೆ. ಕೀಲಿ ಗಾಡಿಯಲ್ಲೇ ತೂಗಾಡುತ್ತಿತ್ತಂತೆ. ನಾನು ಪಂಚಶೀಲಾ, ವಿಮೆಯವರ ಪರವಾಗಿ ಜೀವನಪೂರ್ತಿ ಗುದ್ದಿದ ಗಾಡಿ, ಕದ್ದ ಗಾಡಿ, ಸುಟ್ಟ ಗಾಡಿ ನೋಡಿದವಳು. ಕದ್ದವನು ತೊಳೆದು ತಂದು ವಾಪಸು ನಿಲ್ಲಿಸಿದ ಗಾಡಿಯನ್ನು ಮಾತ್ರ ಇದೇ ಮೊದಲು ನೋಡಿದ್ದು.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅತುಲ ಏನು ಸಿಕ್ಕಿತೆಂದು ಕೇಳಿದ. ನನ್ನ ಬಾಯಿಗೆ ಬೀಗ ಇಲ್ಲ, ಅದು ಇಡೀ ಕಲಬುರಗಿಗೆ ಗೊತ್ತು.

"ಬಾಳಿಹಣ್ಣಿನ ವಾಸನಿ ಬರಾಕತ್ತದ ನೋಡ್ರಿ," ಅಂದುಬಿಟ್ಟೆ.

ನಮ್ಮ ಕಡೆ ಬಾಳೆಹಣ್ಣು ಅಂದ ಮೇಲೆ ಕಮಲಾಪುರ ಅಂತ ಬೇರೆ ಹೇಳಬೇಕಾಗಿಲ್ಲ. ಅಲ್ಲಿನ ಕೆಂಪು ಬಾಳೆ ತಿಂದು ಬೆಳೆದ ಮಂದಿ ನಾವು. ಅತುಲನ ಮುಖ ಬಿಗಿಯಿತು.

"ಕಮಲಾಪುರ ದತ್ತಪ್ಪನ ಊರಲ್ರೀ," ಎಂದ.

ದತ್ತಪ್ಪ ಈ ಮನೆಯ ಡ್ರೈವರ್. ಅತುಲನ ತಂದೆ, ತೀರಿಕೊಂಡ ಡಾಕ್ಟರ್ ಜಯತೀರ್ಥರಿಗೆ ಇದ್ದ ಎರಡು ಹುಚ್ಚಿನಲ್ಲಿ ಒಂದು ಜಾಗ್ವಾರ್, ಇನ್ನೊಂದು ಲಾನ್ಸಿಯಾ. ಹೈದರಾಬಾದಿನ ಯಾವುದೋ ಹಳೆ ಮನೆತನದವರ ಬಳಿ ಕೊಂಡು ತಂದಿದ್ದರಂತೆ. ಡಾಕ್ಟರು ಕೊಂಡರು, ಸಾಕಿದವನು ದತ್ತಪ್ಪ. ಈಗ ಅತುಲ ಶೆಡ್ಡಿನ ಬೀಗ ಬದಲಿಸಿ, ದತ್ತಪ್ಪ ಇತ್ತ ಕಾಲಿಡಕೂಡದೆಂದು ಹೇಳಿದ್ದ. ರವಿವಾರದೊಳಗೆ ಬೇರೆ ಯಾರೆಂದು ನಾನು ತೋರಿಸದಿದ್ದರೆ ಅವನ ಮೇಲೆ ಕಳವಿನ ಕೇಸು ಹಾಕುವುದಾಗಿಯೂ ಹೇಳಿದ್ದ.

ರವಿವಾರ ಯಾಕೆಂದರೆ ಅವತ್ತು ಪಾಲು. ಆ ಮನೆತನದಲ್ಲಿ ಒಂದು ಪದ್ಧತಿ ಇದೆ, ನನಗೆ ಬಹಳ ಹಿಡಿಸಿದ ಪದ್ಧತಿ. ದೊಡ್ಡವರು ಪಾಲು ಮಾಡಬೇಕು, ಸಣ್ಣವರು ಮೊದಲು ಆರಿಸಬೇಕು. ಅಣ್ಣ ಅತುಲ ಎರಡು ಗಾಡಿಯನ್ನು ಎರಡು ಪಾಲು ಅಂದಿದ್ದಾನೆ. ತಂಗಿ ಪ್ರೇರಣಾ ಒಂದರ ಮೇಲೆ ಕೈ ಇಡಬೇಕು. ಯಾವುದರ ಮೇಲೆ ಎಂದು ಹೇಳಲು ಸೊಲ್ಲಾಪುರದಿಂದ ಬಂದು ನನ್ನನ್ನು ಕರೆದವಳೇ ಅವಳು. ಅಷ್ಟರಲ್ಲಿ ಈ ಕಳವಿನ ರಾಮಾಯಣ ಶುರುವಾಯಿತು.

ಅತುಲ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಲಾನ್ಸಿಯಾವನ್ನು ಎಡಗಡೆ ಗೋಡೆಗೆ ಅಂಟಿಸಿದಂತೆ ನಿಲ್ಲಿಸಿದ್ದರಿಂದ ಆ ಪಕ್ಕ ನೋಡಲು ಆಗಲಿಲ್ಲ. ಆಮೇಲೆ ನೋಡಿದರಾಯಿತೆಂದು ನಾನು ಹಿಂದೆ ನಿಂತಿದ್ದ ಪ್ರೇರಣಾಳ ಕಡೆ ತಿರುಗಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ನನ್ನಂಥವರಿಗಾಗಿಯೇ ಹುಟ್ಟಿದ ಮಾತು.

"ಕಮಲಾಪುರಕ್ಕ ಹೋಗೂಣು," ಎಂದೆ. "ಜಾಗ್ವಾರ್ ತಗೀ. ಹೋಗ್ತಾ ಅದರ ಪರೀಕ್ಷಾನೂ ಆಗ್ತದ."

ಹುಮನಾಬಾದ್ ರಸ್ತೆಗೆ ಬಿದ್ದ ಮೇಲೆ ಜಾಗ್ವಾರ್ ಒಂದು ಸಲ ಗಂಟಲು ಸರಿಮಾಡಿಕೊಂಡು ಓಡಿತು. ಕೆನೆ ಬಣ್ಣ, ಉದ್ದನೆಯ ಮೂಗು, ಸಾಲಾಗಿ ಆರು ಸಿಲಿಂಡರಿನ ಎಂಜಿನ್. ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು, ಆ ಕಾಲದಲ್ಲಿ ಅದು ದೊಡ್ಡ ಮಾತು. ದಾರಿಯಲ್ಲಿ ಬೈಕಿನವರೆಲ್ಲ ನಮ್ಮ ಪಕ್ಕಕ್ಕೆ ಬಂದು ಮೊಬೈಲು ಹಿಡಿದರು. ಪ್ರೇರಣಾ ಒಬ್ಬೊಬ್ಬರಿಗೂ ನಗುತ್ತ ಕೈ ಬೀಸಿದಳು, ನಾನು ಒಬ್ಬೊಬ್ಬರನ್ನೂ ಬೈದೆ.

ಸಂಗ್ರಹ ಮಾಡುವವರಿಗೆ ಜಾಗ್ವಾರ್ ಸುಲಭದ ಗಾಡಿ ಎಂದು ಅವಳಿಗೆ ವಿವರಿಸಿದೆ. ಬಿಡಿಭಾಗ ಜಗತ್ತಿನ ತುಂಬ ಸಿಗುತ್ತವೆ, ರಿಪೇರಿ ತಿಳಿದವರಿದ್ದಾರೆ, ನೋಡಿದವರೆಲ್ಲ ಮೆಚ್ಚುತ್ತಾರೆ. ಗಟ್ಟಿ ಚಾಸಿಯ ಮೇಲೆ ಬಾಡಿ ಕೂರಿಸಿದ ಹಳೆ ಕಾಲದ ಕಟ್ಟೋಣ. ನೇರ ರಸ್ತೆಯಲ್ಲಿ ರಾಜ. ತಿರುವಿನಲ್ಲಿ ಮಾತ್ರ ತನ್ನ ಭಾರ ನೆನಪು ಮಾಡುತ್ತದೆ.

ಲಾನ್ಸಿಯಾ ಹಾಗಲ್ಲ. ಅದರ ಆರು ಸಿಲಿಂಡರು ಎರಡು ಸಾಲಿನಲ್ಲಿ ಓರೆಯಾಗಿ ಕೂತಿವೆ. ಮಾರಾಟದ ಕಾರಿಗೆ ಅಂಥ ಎಂಜಿನ್ ಮೊದಲು ಇಟ್ಟವರೇ ಅವರು. ಗೇರ್‌ಬಾಕ್ಸು ಮುಂದಿಲ್ಲ, ಹಿಂದಿನ ಗಾಲಿಗಳ ನಡುವೆ ಇದೆ, ಹೀಗಾಗಿ ಹಿಂದೆ ಮುಂದೆ ತೂಕ ಸಮ. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲಿ. ಮುಂದಿನ ಸಸ್ಪೆನ್ಷನ್ನಿಗೆ ಎಣ್ಣೆ ಕುಡಿಸುತ್ತ ಇರಬೇಕು, ಮರೆತರೆ ಮುನಿಸಿಕೊಳ್ಳುತ್ತದೆ. ಬಿಡಿಭಾಗ ಬೇಕೆಂದರೆ ಹರಕೆ ಹೊರಬೇಕು. ಆದರೆ ತಿರುವಿನಲ್ಲಿ ಒಮ್ಮೆ ಅದನ್ನು ತಿರುಗಿಸಿದವರು ಬೇರೆ ಗಾಡಿಯ ಹೆಸರೆತ್ತುವುದಿಲ್ಲ.

"ಒಂದೇ ಮಾತಿನ್ಯಾಗ ಹೇಳ್ರಿ," ಎಂದಳು ಪ್ರೇರಣಾ.

"ಜಾಗ್ವಾರ್ ಬೀಗರ ಮನಿ ಊಟ. ಲಾನ್ಸಿಯಾ ನಮ್ಮ ಮನಿ ಊಟ."

ಅವಳು ನಗಲಿಲ್ಲ. ತನಗೆ ಎರಡರಲ್ಲಿ ಯಾವುದು ಬಂದರೂ ಸರಿ, ಆದರೆ ದತ್ತಪ್ಪ ಕಾಕಾ ಕಳ್ಳ ಅನ್ನಿಸಿಕೊಂಡರೆ ಎರಡೂ ಬೇಡ ಎಂದಳು. ಅಣ್ಣನಿಗೂ ಹಾಗೇ ಹೇಳಿದ್ದಳಂತೆ. ಅವಳಿಗೆ ಸೈಕಲ್ಲಿನಿಂದ ಹಿಡಿದು ಕಾರಿನವರೆಗೆ ಎಲ್ಲ ಕಲಿಸಿದವನು ಅವನೇ. ಅಪ್ಪ ರೋಗಿಗಳ ನಡುವೆ ಇದ್ದರೆ, ಇವಳ ಜ್ವರಕ್ಕೆ ರಾತ್ರಿಯೆಲ್ಲ ಹೊರಗಿನ ಕಟ್ಟೆಯಲ್ಲಿ ಕೂತಿರುತ್ತಿದ್ದವನೂ ಅವನೇ. ಇದನ್ನು ಹೇಳುವಾಗ ಅವಳ ದನಿ ಒಡೆಯಿತು. ನಾನು ರಸ್ತೆಯ ತಗ್ಗಿನ ಬಗ್ಗೆ ಸರಕಾರವನ್ನು ಬೈದೆ.

ಕಮಲಾಪುರದಲ್ಲಿ ದತ್ತಪ್ಪ ಸಿಕ್ಕಿದ್ದು ದೌಲಪ್ಪನ ಬಾಳೆ ಗೋದಾಮಿನ ಅಂಗಳದಲ್ಲಿ. ಶೆಡ್ಡಿನಿಂದ ಹೊರಹಾಕಿದ ಮೇಲೆ ಗೆಳೆಯನ ಬಳಿ ಬಂದು ಕೂತಿದ್ದ. ಬೆಳ್ಳಗಿನ ಮೀಸೆಯ ಎತ್ತರದ ಆಳು. ನಿಂತರೆ ಬಾಗಿಲ ಚೌಕಟ್ಟು ತಲೆಗೆ ಮುಟ್ಟಬೇಕು. ಜಾಗ್ವಾರ್ ನೋಡಿದವನೇ ನಮ್ಮಿಬ್ಬರಿಗೆ ನಮಸ್ಕಾರ ಹೇಳುವ ಮೊದಲು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

ಅವನು ಎಲ್ಲ ಕೇಳಿದ. ಲಾನ್ಸಿಯಾಕ್ಕೆ ಎಣ್ಣೆ ಹಾಕಿದಿರೋ, ಬ್ಯಾಟರಿ ತಂತಿ ಬಿಚ್ಚಿಟ್ಟಿರೋ, ಅತುಲಪ್ಪ ಸಿಟ್ಟಿನಲ್ಲಿ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ. ತನ್ನ ಬಗ್ಗೆ ಒಂದು ಮಾತೂ ಇಲ್ಲ. ಮಂಗಳವಾರ ಶೆಡ್ಡು ತೆಗೆದವರು ಯಾರು ಎಂದು ನಾನು ನೇರವಾಗಿ ಕೇಳಿದೆ.

"ಅದೊಂದು ಬಿಟ್ಟು ಬ್ಯಾರೆ ಏನರೆ ಕೇಳ್ರಿ ಬಾಯಿಯವ್ರ," ಎಂದ.

"ಕೇಸು ಹಾಕ್ತಾರ ದತ್ತಪ್ಪ. ಗೊತ್ತದ ಇಲ್ಲೋ?"

"ಹಾಕ್ಲಿ. ಕೊಟ್ಟ ಮಾತು ತಿರುಗಿ ತಗೊಳ್ಳಾಕ ಬರಂಗಿಲ್ರಿ."

ಅಂದರೆ ಇವನಿಗೆ ಗೊತ್ತು. ಇವನು ಕದ್ದಿಲ್ಲ, ಕದ್ದವರನ್ನು ಕಾಪಾಡುತ್ತಿದ್ದಾನೆ. ಪ್ರೇರಣಾ ಅವನ ಕೈ ಹಿಡಿದು ಬೇಡಿಕೊಂಡಳು. ಅವನು ಅವಳ ತಲೆ ಸವರಿ, ಗೊನೆಯಿಂದ ಒಂದು ಹಣ್ಣು ಮುರಿದು ಕೊಟ್ಟ. ಅಷ್ಟೇ.

ಸಿಟ್ಟಿನಿಂದ ನಾನು ಗೋದಾಮಿನೊಳಗೆ ನುಗ್ಗಿದೆ. ಲಾನ್ಸಿಯಾ ಇಲ್ಲಿತ್ತೇ ಎಂಬುದನ್ನಾದರೂ ತಿಳಿಯಬೇಕಲ್ಲ. ಬಾಗಿಲನ್ನು ಕಣ್ಣಲ್ಲೇ ಅಳೆದೆ. ಎಮ್ಮೆಯೊಂದು ಓರೆಯಾಗಿ ಹೋಗಬಹುದಾದ ಬಾಗಿಲು. ಕಾರು ಹೋಗುವ ಮಾತೇ ಇಲ್ಲ.

ಒಳಗೆ ಕೆಂಪು ಬಾಳೆಯ ಗೊನೆಗಳು ಒಣಹುಲ್ಲಿನಲ್ಲಿ ಮಲಗಿದ್ದವು. ಉಸಿರೆಳೆದೆ. ಮಣ್ಣು, ಹುಲ್ಲು, ಹೊಗೆ, ಅದರ ಕೆಳಗೆ ಮೆಲ್ಲನೆ ಸಿಹಿ. ಲಾನ್ಸಿಯಾದಲ್ಲಿದ್ದ ವಾಸನೆ ಇದಲ್ಲವೇ ಅಲ್ಲ. ಅದು ಮೂಗಿಗೆ ಚುಚ್ಚುವಂಥದ್ದು.

ಅಂಗಳಕ್ಕೆ ಬಂದರೆ ಅದೇ ವಾಸನೆ ಮುಖಕ್ಕೆ ಹೊಡೆಯಿತು. ದೌಲಪ್ಪನ ಲಾರಿಯ ಹಿಂದಿನ ಹಲಗೆಗೆ ಯಾರೋ ಬಣ್ಣ ಬಳಿಯುತ್ತಿದ್ದರು. ಪಕ್ಕದಲ್ಲಿ ಥಿನ್ನರಿನ ಡಬ್ಬಿ ಬಾಯಿ ತೆರೆದು ಕೂತಿತ್ತು. ಬಗ್ಗಿ ಮೂಸಿದೆ. ಕಳಿತ ಬಾಳೆಹಣ್ಣು.

ನಾನು ಹಣೆ ಹಣೆ ಬಡಿದುಕೊಂಡೆ. ಹಳೆ ಪದ್ಧತಿಯ ಕಾರಿನ ಬಣ್ಣಕ್ಕೆ ಬೆರೆಸುವ ಥಿನ್ನರು ಥೇಟ್ ಹೀಗೇ ನಾರುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನ ಸರ್ವೇಯರ್ ಆಗಿದ್ದರೆ ಮೊದಲು ಬಣ್ಣವನ್ನೇ ನೆನೆಯುತ್ತಿದ್ದ. ಕಲಬುರಗಿಯವಳ ಮೂಗು, ಸೀದಾ ಕಮಲಾಪುರದ ದಾರಿ ಹಿಡಿಯಿತು. ಗಾಡಿಯನ್ನು ಯಾರೂ ಬಚ್ಚಿಟ್ಟಿಲ್ಲ. ಬಣ್ಣ ಹೊಡೆಸಿ ತಂದಿದ್ದಾರೆ. ಅದೂ ಗೋಡೆಗೆ ಅಂಟಿಸಿ ನಿಲ್ಲಿಸಿದ ಎಡಪಕ್ಕಕ್ಕೆ.

ಬಾಳೆಹಣ್ಣಿನ ಮಾತನ್ನು ಅತುಲನ ಮುಂದೆ ಆಡಿ ಬಂದಿದ್ದೆನಲ್ಲ, ಅದು ಈಗ ನೆನಪಾಯಿತು. ದತ್ತಪ್ಪನನ್ನು ಬಿಡಿಸಲು ಹೊರಟವಳು ಅವನ ಊರಿನ ಹೆಸರು ನಾನೇ ಕೊಟ್ಟಿದ್ದೆ. ಕೂಡಲೇ ಅತುಲನಿಗೆ ಫೋನು ಮಾಡಿದೆ. ಎತ್ತಲಿಲ್ಲ.

ಆ ಹಳೆ ಬಣ್ಣವನ್ನು ಇನ್ನೂ ಹೊಡೆಯುವ ಕೈ ಕಲಬುರಗಿಯಲ್ಲಿ ಒಂದೇ, ಮೋಮಿನಪುರದ ಆಮಿರ್. ಸಂಜೆ ಬಿಸಿಲಿಗೆ ಜಾಗ್ವಾರನ್ನು ರಸ್ತೆಯಲ್ಲೇ ಬಿಟ್ಟು ಅವನ ಓಣಿಗೆ ನಡೆದೆವು. ನಾನು ಕೇಳುವುದಕ್ಕೂ ಕಾಯದೆ ಅವನು ಕೆಲಸ ಚೆನ್ನಾಗಿ ಆಗಿದೆಯೇ ಎಂದು ವಿಚಾರಿಸಿದ. ಎಡ ಬಾಗಿಲಿಗೆ ಕಂಬ ತರಚಿತ್ತು. ತಟ್ಟಿ, ಅದೇ ನೀಲಿ ಬೆರೆಸಿ, ಎರಡು ದಿನ ಒಣಗಿಸಿ ಕೊಟ್ಟೆ ಎಂದ. ಕದ್ದುಮುಚ್ಚಿ ಮಾಡಿದ ಕೆಲಸ ಎಂಬ ಕಲ್ಪನೆಯೇ ಅವನಿಗಿರಲಿಲ್ಲ.

"ಗಾಡಿ ಯಾರು ತಂದಿದ್ರು?" ಎಂದೆ.

"ಔರ್ ಕೌನ್ ಲಾತೇ ಜೀ, ದೊಡ್ಡ ಬಾಯಿಯವ್ರೇ. ಡಾಕ್ಟರ್ ಸಾಬ್‌ರ ಮನಿಯವರು. ಈ ಗಲ್ಲಿನ್ಯಾಗ ರಿವರ್ಸ್ ಒಂದೇ ಸಲಕ್ಕ ಹೊಡದ್ರು ನೋಡ್ರಿ, ನನಗೂ ಆಗಂಗಿಲ್ಲ."

ಪ್ರೇರಣಾ ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟಳು. ಅವಳ ತಾಯಿ ಅನಸೂಯಾಬಾಯಿ. ಒಂಬತ್ತು ಗಜದ ಸೀರೆ, ನನ್ನ ಭುಜಕ್ಕೂ ಬರದ ಎತ್ತರ, ಮಡಿ ಮೈಲಿಗೆ, ಏಕಾದಶಿ ಉಪವಾಸ. ಮುಂದಿನ ಸೀಟಿನಲ್ಲಿ ಕೂತರೆ ತಲೆ ತಿರುಗುತ್ತದೆ ಎಂದು ಯಾವಾಗಲೂ ಹಿಂದೆಯೇ ಕೂರುವವರು.

"ಆಯಿಗೆ ಸೈಕಲ್ ಸೈತ ಬರಂಗಿಲ್ರಿ," ಎಂದಳು.

ನನಗೆ ಮಾತ್ರ ಮುಂದಕ್ಕೆ ಸರಿದ ಸೀಟಿನ ಅರ್ಥ ಈಗ ಆಗಿತ್ತು.

ಬ್ರಹ್ಮಪುರದ ಮನೆಯಲ್ಲಿ ಅನಸೂಯಾಬಾಯಿ ದನಿ ಸಣ್ಣದು ಮಾಡಿ ಕ್ರಿಕೆಟ್ ನೋಡುತ್ತಿದ್ದರು. ನಾನು ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿರುವಾಗ ಅವರೇ ನನ್ನ ಮುಖ ನೋಡಿ ಟಿವಿ ಆರಿಸಿದರು.

"ಬಾಗಿಲ ಬಣ್ಣ ಬರೋಬ್ಬರಿ ಕೂಡ್ಯದ ಏನು?" ಎಂದರು.

ಅಂಥ ಹೆಂಗಸಿನ ಮುಂದೆ ಪತ್ತೇದಾರಿ ಮಾಡುವುದು ದಂಡ. ನಾನು ಸುಮ್ಮನೆ ಕೂತು ಕೇಳಿದೆ.

ಲಾನ್ಸಿಯಾ ಮನೆಗೆ ಬಂದ ಹೊಸತರಲ್ಲಿ ಡಾಕ್ಟರು, ಇದು ಹೆಣ್ಣುಮಕ್ಕಳ ಕೈಗೆ ಆಗುವ ಗಾಡಿ ಅಲ್ಲ ಎಂದಿದ್ದರಂತೆ. ಪ್ರೀತಿಯಿಂದಲೇ ಅಂದದ್ದು, ಆದರೆ ಅಂದದ್ದು. ಮರುದಿನವೇ ಅನಸೂಯಾಬಾಯಿ ದತ್ತಪ್ಪನನ್ನು ಕರೆದು, ನನಗೆ ಕಲಿಸು, ಯಾರಿಗೂ ಹೇಳಕೂಡದು ಎಂದರು. ಅವನು ಮಾತು ಕೊಟ್ಟ. ಅಲ್ಲಿಂದ ಪ್ರತಿ ಏಕಾದಶಿ ಬೆಳಗ್ಗೆ ಬಾಯಿಯವರು ದೇವರ ದರ್ಶನಕ್ಕೆಂದು ಹಿಂದಿನ ಸೀಟಿನಲ್ಲಿ ಕೂತು ಹೊರಡುವರು. ಊರು ದಾಟಿದ ಮೇಲೆ ದತ್ತಪ್ಪ ಇಳಿದು ಪಕ್ಕಕ್ಕೆ ಬರುವನು. ಕಮಲಾಪುರದವರೆಗೆ ಹೋಗಿ, ಫಲಾಹಾರಕ್ಕೆ ಕೆಂಪು ಬಾಳೆ ತಗೊಂಡು ವಾಪಸು. ಆ ಬಾಳೆಹಣ್ಣನ್ನು ದತ್ತಪ್ಪ ತರುತ್ತಾನೆಂದೇ ಮನೆಯವರೆಲ್ಲ ಇಷ್ಟು ವರ್ಷ ತಿಂದಿದ್ದಾರೆ.

"ಹೋದ ಏಕಾದಶಿಗೆ ಮಿಲ್ಲಿನ ಗೇಟಿನ ಕಂಬಕ್ಕ ತರಚಿದೆ," ಎಂದರು. "ಕಣ್ಣು ಮಂದ ಆಗ್ಯಾವ. ರವಿವಾರ ಪ್ರೇರಣಾ ಗಾಡಿ ಆರಸ್ತಾಳ, ಗಾಯ ಮಾಡಿದ ಗಾಡಿ ಹ್ಯಾಂಗ ಕೊಡ್ಲಿ ನನ್ನ ಮಗಳಿಗೆ? ದತ್ತಪ್ಪ ಶೆಡ್ ತಗದುಕೊಟ್ಟ, ನಾನೇ ಒಯ್ದೆ."

ಪ್ರೇರಣಾ ತಾಯಿಯ ಮಡಿಲಲ್ಲಿ ಮುಖ ಇಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆಯಿ ನೀ ನನಗ ಒಂದ್ ಮಾತು ಹೇಳಲಿಲ್ಲ, ಒಂದ್ ಮಾತು ಹೇಳಲಿಲ್ಲ ಎಂದು ಅದನ್ನೇ ಹೇಳಿದಳು. ಇಂಥ ಸುಖದ ಕೇಸು ನನಗೆ ಎಂದೂ ಸಿಕ್ಕಿರಲಿಲ್ಲ. ಕಳ್ಳ ಇಲ್ಲ, ಕಳವೂ ಇಲ್ಲ. ಒಬ್ಬ ಮುದುಕಿಯ ಗುಟ್ಟು, ಅದನ್ನು ಕಾಯ್ದ ಒಬ್ಬ ಡ್ರೈವರ್.

"ಬಂದ ಮ್ಯಾಲೆ ದತ್ತಪ್ಪಗೂ ಹೇಳ್ರಿ, ಗುಟ್ಟು ಒಡೀತು ಅಂತ," ಎಂದರು ಅನಸೂಯಾಬಾಯಿ. "ಮದಿವಿಗೆ ಹೋಗ್ಯಾನಂತಲ್ಲ, ಯಾವಾಗ ಬರ್ತಾನ?"

ಪ್ರೇರಣಾ ತಲೆ ಎತ್ತಿದಳು. ಆಯಿಯ ಬಿಪಿ ಏರುತ್ತದೆ, ಕಳವಿನ ಸುದ್ದಿ ಅವಳ ಕಿವಿಗೆ ಬೀಳಬಾರದು ಎಂದು ಅತುಲ ಎಲ್ಲರಿಗೂ ಆಣೆ ಹಾಕಿದ್ದ. ಈಗ ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಶೆಡ್ಡಿನ ಬೀಗ ಬದಲಿಸಿದ್ದು, ದತ್ತಪ್ಪನನ್ನು ಹೊರಗೆ ಹಾಕಿದ್ದು, ಕೇಸಿನ ಮಾತು, ಎಲ್ಲವನ್ನೂ ನಾನೇ ಹೇಳಿದೆ.

ಅವರು ಅಳಲಿಲ್ಲ, ಸಿಟ್ಟಾಗಲಿಲ್ಲ. ಸೆರಗನ್ನು ಎಳೆದು ಭುಜ ಮುಚ್ಚಿಕೊಂಡರು.

"ದತ್ತಪ್ಪ ಕದ್ದಾನಂತ ಯಾರು ಅಂದ್ರು?"

"ಅತುಲ."

"ಅತುಲ ಅಂದನ?" ಎಂದರು. ಮತ್ತೊಮ್ಮೆ ಅದನ್ನೇ ಕೇಳಿದರು. ಎರಡು ಸಲ ಯಾಕೆ ಕೇಳಿದರೆಂದು ನನಗೆ ಅರ್ಥವಾಗಲಿಲ್ಲ. ಮಗನಿಗೆ ತಪ್ಪು ತಿಳಿವಳಿಕೆಯಾಗಿದೆ, ಒಂದು ಫೋನಿನಲ್ಲಿ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿ ಮೊಬೈಲು ತೆಗೆದೆ.

ನಾನು ನಂಬರು ಒತ್ತುವ ಮೊದಲೇ ಅತುಲನ ಕರೆ ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಇನ್ನ ನೀವು ತಕಲೀಫ್ ತಗೋಬ್ಯಾಡ್ರಿ ಬಾಯಿ," ಎಂದ. ದನಿಯಲ್ಲಿ ಹಗುರ ಇತ್ತು. "ನಿಮ್ಮ ಬಾಳಿಹಣ್ಣಿನ ಮಾತು ಕೇಳಿ ಪೊಲೀಸರು ಕಮಲಾಪುರಕ್ಕ ಹೋಗಿದ್ರು. ಠಾಣಾಕ್ಕ ಕರಕೊಂಡು ಬಂದಾರ. ದತ್ತಪ್ಪ ಒಪ್ಪಿಕೊಂಡಾನ. ಗಾಡಿ ನಾನೇ ಒಯ್ದೇನಿ, ಬ್ಯಾರೆ ಯಾರಿಗೂ ಸಂಬಂಧ ಇಲ್ಲ ಅಂತ ಹೇಳ್ಯಾನ."

ಪ್ರೇರಣಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಏನೋ ಹೇಳಹೊರಟೆ. ಅನಸೂಯಾಬಾಯಿ ನನ್ನ ಮಣಿಕಟ್ಟು ಹಿಡಿದು ತಡೆದರು. ಫೋನಿನ ಹತ್ತಿರ ಬಾಗಿದರು.

"ಅತುಲ, ನಾ ಆಯಿ ಮಾತಾಡಾಕತ್ತೀನಿ."

ಫೋನನ್ನು ತಮ್ಮ ಕಡೆ ಎಳೆದುಕೊಂಡರು.

"ಗುರುವಾರ ಮುಂಜಾನಿ ಗಾಡಿ ತಂದು ನಿಲ್ಲಿಸಿ, ಕೀಲಿ ನಿನ್ನ ಕೈಯಾಗ ಕೊಟ್ಟೇನಲ್ಲಪ್ಪಾ. ನಾನೇ ಒಯ್ದಿದ್ದೆ ಅಂತ ಎಲ್ಲಾ ಹೇಳೇನಿ. ನೀ ನಕ್ಕು ನನ್ನ ಆಟೋಕ್ಕ ಹತ್ತಿಸಿದಿ. ಮತ್ತ ದತ್ತಪ್ಪನ್ನ ಯಾಕ ಹಿಡಿಸಿದಿ?"

ಪ್ರೇರಣಾ ಎರಡೂ ಬೇಡ ಅಂದರೆ ಎರಡು ಗಾಡಿಯೂ ಯಾರ ಪಾಲಿಗೆ ಬೀಳುತ್ತವೆ ಎಂಬುದು ಆಗ ನನಗೆ ಹೊಳೆಯಿತು. ಫೋನು ಕಟ್ಟಾಗಲಿಲ್ಲ. ಅತುಲ ಉಸಿರಾಡುವುದು ನಮ್ಮ ಮೂವರಿಗೂ ಕೇಳಿಸುತ್ತಿತ್ತು.